ಕಾಲೇಜಿಗೆ ಹೋಗುವ ಮಕ್ಕಳಿಗೆ ಲ್ಯಾಪ್‌ಟಾಪ್: ಕೈಯಲ್ಲಿದ್ದ ರೊಕ್ಕಕ್ಕೆ ತಕ್ಕ ಆಯ್ಕೆ ಹೇಗೆ?



ನಮ್ಮ ಸತ್ತೂರ ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಇರುವುದರಿಂದ ವಿದ್ಯೆಗೆ ಬಹಳ ಅನುಕೂಲವಾದ ಊರು. ಊರ ಮಗ್ಗಲಿಗೇ ಎಸ್.ಡಿ.ಎಂ. ವೈದ್ಯಕೀಯ ಕಾಲೇಜು ಇದೆ. ಇಟ್ಟಿಗಟ್ಟಿ ರಸ್ತೆಯಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಇದೆ. ಧಾರವಾಡದ ಕಡೆಗೆ ಹೋದರೆ ಕರ್ನಾಟಕ ವಿಶ್ವವಿದ್ಯಾಲಯವೂ 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯವೂ ಇವೆ. ಹುಬ್ಬಳ್ಳಿಯ ಕಡೆಗೆ ಹೋದರೆ ವಿದ್ಯಾನಗರದ ಕಾಲೇಜುಗಳು. ಮುಂಜಾನೆ ಚಿಗರಿ ಬಸ್ಸು ಹತ್ತಿದ ಹುಡುಗ ಹುಡುಗಿಯರು ಸಂಜೆಗೆ ಮನೆಗೆ ಬಂದು ಊಟ ಮಾಡಬಲ್ಲರು.

ಇಂದಿನ ಕಾಲೇಜು ವಿದ್ಯೆಗೆ ಪುಸ್ತಕದ ಜೊತೆಗೆ ಲ್ಯಾಪ್‌ಟಾಪ್ ಎಂಬ ಯಂತ್ರವೂ ಬೇಕಾಗಿದೆ. ತೊಂದರೆ ಏನೆಂದರೆ, ಕಾಲೇಜು ತೆರೆಯುವ ಕಾಲ ಮತ್ತು ಮುಂಗಾರಿ ಬಿತ್ತನೆಯ ಕಾಲ ಹೆಚ್ಚುಕಡಿಮೆ ಒಂದೇ. ಬೀಜ, ಗೊಬ್ಬರ, ಆಳಿನ ಕೂಲಿ, ಕಾಲೇಜಿನ ಫೀ ಎಲ್ಲವೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಆ ಹೊತ್ತಿನಲ್ಲಿ ಕೆಲವರು ಸಾಲ ಮಾಡಿ, ಮಗ ತೋರಿಸಿದ ಅತಿ ಬೆಲೆಯ ಯಂತ್ರವನ್ನು ತರುತ್ತಾರೆ. ಕೆಲವರು ಎಲ್ಲಕ್ಕೂ ಅಗ್ಗವಾದುದನ್ನು ತಂದು, ವರ್ಷ ತುಂಬುವುದರೊಳಗೆ ಅದು ನಿಂತುಹೋಗಿ, ಮತ್ತೆ ರೊಕ್ಕ ಹುಡುಕುತ್ತಾರೆ. ಎರಡರಲ್ಲಿಯೂ ನಷ್ಟ ಒಕ್ಕಲಿನದೇ. ಆದುದರಿಂದ ಪೇಟೆಗೆ ಹೋಗುವ ಮೊದಲೇ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದೆ.

ಮೊದಲು ಕೆಲಸ, ಆಮೇಲೆ ಯಂತ್ರ

ಬಾವಿಯ ಆಳ, ನೀರಿನ ಪ್ರಮಾಣ, ಹೊಲದ ವಿಸ್ತಾರ ಇವನ್ನು ತಿಳಿದ ಮೇಲೆ ಪಂಪಿನ ಅಶ್ವಶಕ್ತಿಯನ್ನು ನಿಶ್ಚಯಿಸುತ್ತೇವೆ. ನೆರೆಮನೆಯವರು 10 ಅಶ್ವಶಕ್ತಿಯದು ತಂದರೆಂದು ನಾವೂ ತಂದರೆ ಬಾವಿ ಬರಿದಾಗುತ್ತದೆ. ಲ್ಯಾಪ್‌ಟಾಪಿಗೂ ಇದೇ ನ್ಯಾಯ. ಮಗು ಯಾವ ಕೋರ್ಸಿಗೆ ಸೇರಿದೆ ಎಂಬುದೇ ಮೊದಲನೆಯ ಪ್ರಶ್ನೆ.

1. ಬಿ.ಎ., ಬಿ.ಕಾಂ., ಬಿ.ಎಡ್. ಮೊದಲಾದವು: ಬರವಣಿಗೆ, ಲೆಕ್ಕದ ಹಾಳೆ, ಇಂಟರ್ನೆಟ್ಟು, ಪಾಠದ ವಿಡಿಯೋ. ಇವಕ್ಕೆ ಸಾಧಾರಣ ಯಂತ್ರ ಸಾಕು.

2. ವೈದ್ಯಕೀಯ, ನರ್ಸಿಂಗ್: ಬಹುಮಟ್ಟಿಗೆ ಓದುವುದು ಮತ್ತು ನೋಡುವುದು. ಯಂತ್ರದ ಬಲಕ್ಕಿಂತ ಕಣ್ಣಿಗೆ ಹಿತವಾದ ಪರದೆಯೂ ಹೆಚ್ಚು ತಾಸು ಬಾಳುವ ಬ್ಯಾಟರಿಯೂ ಮುಖ್ಯ.

3. ಬಿ.ಎಸ್ಸಿ. ಕೃಷಿ ಮತ್ತು ಇತರ ವಿಜ್ಞಾನಗಳು: ವರದಿ, ಅಂಕಿಸಂಖ್ಯೆಯ ವಿಶ್ಲೇಷಣೆ, ಮುಂದೆ ನಕ್ಷೆಯ ಕೆಲಸ. ಮಧ್ಯಮ ತರಗತಿಯ ಯಂತ್ರ ಬೇಕು. ಅಂಕಿಸಂಖ್ಯೆಗೆ ಬಳಸುವ ‘ಆರ್’, ನಕ್ಷೆಗೆ ಬಳಸುವ ‘ಕ್ಯೂ-ಜಿ.ಐ.ಎಸ್.’ ಎಂಬ ತಂತ್ರಾಂಶಗಳು ಪುಕ್ಕಟೆಯಾಗಿ ದೊರೆಯುತ್ತವೆ.

4. ಕಂಪ್ಯೂಟರ್ ಇಂಜಿನಿಯರಿಂಗ್, ಬಿ.ಸಿ.ಎ.: ಪ್ರೋಗ್ರಾಂ ಬರೆಯುವ ಕೆಲಸ. ಮಧ್ಯಮ ತರಗತಿಯ ಯಂತ್ರವೇ ಸಾಕು, ಆದರೆ ಮೆಮೊರಿ ಹೆಚ್ಚಿಗೆ ಬೇಕು.

5. ವಾಸ್ತುಶಿಲ್ಪ, ಮೂರು ಆಯಾಮದ ಯಂತ್ರ ರೇಖಾಚಿತ್ರ, ವಿಡಿಯೋ ಸಂಕಲನ: ಇಲ್ಲಿ ಮಾತ್ರ ಪ್ರತ್ಯೇಕ ಗ್ರಾಫಿಕ್ಸ್ ಭಾಗವಿರುವ, ಬೆಲೆ ಹೆಚ್ಚಾದ ಯಂತ್ರಕ್ಕೆ ಅರ್ಥವಿದೆ.

ಮಕ್ಕಳು ಕೇಳುವ ‘ಗೇಮಿಂಗ್’ ಯಂತ್ರಗಳು ಈ ಐದನೆಯ ವರ್ಗಕ್ಕೆ ಹೊಂದುತ್ತವೆ. ಅವು ತೂಕದಲ್ಲಿ ಸಾಮಾನ್ಯವಾಗಿ 2 ಕಿಲೋ ದಾಟುತ್ತವೆ, ಬ್ಯಾಟರಿಯನ್ನು ಬೇಗ ತಿನ್ನುತ್ತವೆ, ಅವುಗಳ ಚಾರ್ಜರೂ ಭಾರ. ಬಿ.ಕಾಂ. ವಿದ್ಯಾರ್ಥಿ ಅದನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿನಲ್ಲಿ ನಿಂತು ಹೋಗಬೇಕಾದ ಕಾರಣವೇ ಇಲ್ಲ.

ಒಳಗಿರುವ ಭಾಗಗಳ ಪರಿಚಯ

ಯಂತ್ರದೊಳಗೆ ಮೂರು ಮುಖ್ಯ ಭಾಗಗಳು. ಪ್ರೊಸೆಸರ್ ಎಂದರೆ ಎತ್ತಿನ ಜೋಡಿ. ಎಳೆಯುವ ಕೆಲಸ ಅದರದು. ರ‍್ಯಾಮ್ ಎಂಬ ಮೆಮೊರಿ ಎಂದರೆ ರಾಶಿ ಮಾಡುವ ಕಣ. ಒಂದೇ ಸಲಕ್ಕೆ ಎಷ್ಟು ತೆನೆ ಹರಡಬಹುದು ಎಂಬುದು ಕಣದ ಅಗಲವನ್ನು ಅವಲಂಬಿಸಿದೆ. ಸಂಗ್ರಹ ಎಂದರೆ ಹಗೇವು. ರಾಶಿಯಾದ ಕಾಳನ್ನು ವರ್ಷಗಟ್ಟಲೆ ಇಡುವ ಸ್ಥಳ.

ಕಣ ಸಣ್ಣದಿದ್ದರೆ ಎತ್ತು ಎಷ್ಟು ಬಲವಾಗಿದ್ದರೂ ಕೆಲಸ ಸಾಗದು. ಇಂದು 8 ಜಿ.ಬಿ. ಮೆಮೊರಿಗಿಂತ ಕಡಿಮೆ ಇರುವ ಯಂತ್ರವನ್ನು ಕಾಲೇಜಿಗೆಂದು ಕೊಳ್ಳಬಾರದು. ವಿಂಡೋಸ್ 11ಕ್ಕೆ 4 ಜಿ.ಬಿ. ಸಾಕೆಂದು ಪೆಟ್ಟಿಗೆಯ ಮೇಲೆ ಬರೆದಿರಬಹುದು. ಅದು ಎತ್ತು ಎದ್ದು ನಿಲ್ಲುವುದಕ್ಕೆ ಸಾಕು, ನೇಗಿಲು ಎಳೆಯುವುದಕ್ಕಲ್ಲ. ಇಂಜಿನಿಯರಿಂಗ್ ವಿದ್ಯಾರ್ಥಿಗೆ 16 ಜಿ.ಬಿ. ಉತ್ತಮ. ಮುಂದೆ ಮೆಮೊರಿ ಹೆಚ್ಚಿಸಲು ಒಳಗೆ ಖಾಲಿ ಸ್ಥಳವಿದೆಯೋ, ಅಥವಾ ಬೆಸುಗೆ ಹಾಕಿ ಬಿಟ್ಟಿದ್ದಾರೆಯೋ ಎಂದು ಅಂಗಡಿಯವರನ್ನು ಅವಶ್ಯ ಕೇಳತಕ್ಕದ್ದು. ಲೋಕದ ಎಲ್ಲೆಡೆ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿಯನ್ನು ರಾಶಿಗಟ್ಟಲೆ ಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ಬಹಳ ಏರಿತು. ಈ ಕಾರಣದಿಂದ ಹೋದ ವರ್ಷ ನೆರೆಯವರು ಕೊಟ್ಟ ಬೆಲೆಯನ್ನೇ ನಂಬಿ ಪೇಟೆಗೆ ಹೋಗಬೇಡಿರಿ. ಹೋಗುವ ವಾರದಲ್ಲಿಯೇ ಎರಡು ಮೂರು ಕಡೆ ವಿಚಾರಿಸಿರಿ.

ಸಂಗ್ರಹದಲ್ಲಿ ಹಳೆಯ ಮಾದರಿಯ ತಿರುಗುವ ಹಾರ್ಡ್ ಡಿಸ್ಕು ನಿಧಾನ; ಪೆಟ್ಟು ತಗಲಿದರೆ ಕೆಡುತ್ತದೆ. ಎಸ್.ಎಸ್.ಡಿ. ಎಂಬುದರಲ್ಲಿ ತಿರುಗುವ ಭಾಗವೇ ಇಲ್ಲ. ಅದು ಬಹಳ ಚುರುಕು. ಎಸ್.ಎಸ್.ಡಿ.ಯೇ ಇರತಕ್ಕದ್ದು, 256 ಜಿ.ಬಿ. ಕನಿಷ್ಠ, 512 ಉತ್ತಮ. ಅತಿ ಅಗ್ಗದ ಕೆಲವು ಯಂತ್ರಗಳಲ್ಲಿ ‘ಇ.ಎಂ.ಎಂ.ಸಿ.’ ಎಂಬ 64 ಅಥವಾ 128 ಜಿ.ಬಿ.ಯ ಸಂಗ್ರಹ ಇರುತ್ತದೆ. ಅದು ನಿಧಾನವೂ ಹೌದು, ಬೇಗ ತುಂಬಿಹೋಗುವುದೂ ಹೌದು.

ಚೀಟಿಯ ಮೇಲಿನ ಅಂಕಿ ಓದುವ ಬಗೆ

ಬೀಜದ ಚೀಲದ ಮೇಲೆ ತಳಿಯ ಹೆಸರೂ ವರ್ಷವೂ ಇರುವಂತೆ ಪ್ರೊಸೆಸರಿನ ಹೆಸರಿನಲ್ಲಿಯೂ ಅದರ ಪೀಳಿಗೆ ಅಡಗಿದೆ. ‘ಐ5 ಇದೆ, ಐ3ಕ್ಕಿಂತ ಒಳ್ಳೆಯದು’ ಎಂದಷ್ಟೇ ಕೇಳಿ ಒಪ್ಪಿಕೊಳ್ಳಬಾರದು. ಹತ್ತು ವರ್ಷದ ಹಿಂದಿನ ಐ5ಕ್ಕಿಂತ ಈಚಿನ ಐ3 ಚುರುಕಾಗಿರುವುದುಂಟು. ಇಂಟೆಲ್ ಕಂಪನಿಯ ಐ5-7200 ಎಂದಿದ್ದರೆ 7ನೆಯ ಪೀಳಿಗೆ. 8250 ಎಂದಿದ್ದರೆ 8ನೆಯದು. 1135 ಅಥವಾ 1235 ಎಂದಿದ್ದರೆ ಕ್ರಮವಾಗಿ 11ನೆಯದು ಮತ್ತು 12ನೆಯದು.

ಎ.ಎಂ.ಡಿ. ಕಂಪನಿಯ ರೈಜನ್ 7520 ಎಂಬ ಸಂಖ್ಯೆಯನ್ನು ನೋಡಿರಿ. ಮೊದಲನೆಯ 7 ಎಂಬುದು 2023ರ ಮಾದರಿ ಎಂದು ಹೇಳುತ್ತದೆ. ಆದರೆ ಮೂರನೆಯ ಅಂಕಿಯಾದ 2 ಎಂಬುದು ಒಳಗಿನ ರಚನೆ ಅದಕ್ಕಿಂತ ಹಳೆಯ ತಳಿಯದೆಂದು ತಿಳಿಸುತ್ತದೆ. ಅದೇ ಸಾಲಿನ 7530ರಲ್ಲಿ ಮೂರನೆಯ ಅಂಕಿ 3. ಅಂದರೆ ಒಂದು ತಳಿ ಮುಂದಿನದು. ಚೀಲ ಹೊಸದು, ಬೀಜ ಹಳೆಯದು ಎಂಬ ಮಾತು ಇಲ್ಲಿಯೂ ನಡೆಯುತ್ತದೆ. ಸಾಧಾರಣ ಬರವಣಿಗೆಗೆ ಅದರಿಂದ ಬಾಧೆಯಿಲ್ಲ. ಆದರೆ ಹೊಸ ತಳಿಯ ಬೆಲೆಯನ್ನು ಹಳೆಯ ತಳಿಗೆ ಕೊಡಬಾರದು.

ಪರದೆಯಲ್ಲಿ ‘ಫುಲ್ ಎಚ್.ಡಿ.’, ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು ಇರಲಿ. ದಿನಾಲೂ ಬಸ್ಸಿನಲ್ಲಿ ತಿರುಗುವವರಿಗೆ 14 ಇಂಚಿನ, ಒಂದೂವರೆ ಕಿಲೋ ಆಸುಪಾಸಿನ ಯಂತ್ರ ಅನುಕೂಲ. ಬ್ಯಾಟರಿಯ ಶಕ್ತಿಯನ್ನು ‘ವ್ಯಾಟ್-ಅವರ್’ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. 50 ವ್ಯಾಟ್-ಅವರಿನ ಬ್ಯಾಟರಿಯಿಂದ 10 ವ್ಯಾಟ್ ತಿನ್ನುವ ಕೆಲಸ ಮಾಡಿದರೆ ಸುಮಾರು 5 ತಾಸು ನಡೆಯುತ್ತದೆ. ಪಾಠದ ನಡುವೆ ಚಾರ್ಜರಿಗೆ ಸ್ಥಳ ಸಿಗದಿದ್ದರೂ, ಊರಲ್ಲಿ ಕರೆಂಟು ಹೋದರೂ ಓದು ನಿಲ್ಲದು.

ಬೆಲೆಯನ್ನು ತಿಂಗಳಿನಿಂದ ಭಾಗಿಸಿರಿ

ಅಗ್ಗ ಯಾವುದು, ತುಟ್ಟಿ ಯಾವುದು ಎಂಬುದು ಬಿಲ್ಲಿನ ಮೇಲಿನ ಅಂಕಿಯಿಂದ ಮಾತ್ರ ತಿಳಿಯದು. ಯಂತ್ರ ಎಷ್ಟು ತಿಂಗಳು ಕೆಲಸಕ್ಕೆ ಬರುತ್ತದೆಯೋ ಅದರಿಂದ ಬೆಲೆಯನ್ನು ಭಾಗಿಸಬೇಕು. ಉದಾಹರಣೆಗೆ:

24,000 ರೂಪಾಯಿಯ ಯಂತ್ರ ಒಂದೂವರೆ ವರ್ಷಕ್ಕೇ ಕೆಲಸಕ್ಕೆ ಬಾರದಾದರೆ, ತಿಂಗಳಿಗೆ 1,333 ರೂಪಾಯಿ.

45,000 ರೂಪಾಯಿಯ ಯಂತ್ರ ನಾಲ್ಕು ವರ್ಷದ ಕೋರ್ಸು ಪೂರ್ತಿ ನಡೆದರೆ, ತಿಂಗಳಿಗೆ 938 ರೂಪಾಯಿ.

80,000 ರೂಪಾಯಿಯ ಯಂತ್ರವೂ ಅದೇ ನಾಲ್ಕು ವರ್ಷ ನಡೆದರೆ, ತಿಂಗಳಿಗೆ 1,667 ರೂಪಾಯಿ.

ಇದರಿಂದ ಅತಿ ಅಗ್ಗದ್ದೂ ಅತಿ ತುಟ್ಟಿಯದೂ ಎರಡೂ ಒಕ್ಕಲಿಗೆ ಭಾರವೆಂದು ತಿಳಿಯುತ್ತದೆ. ಕೋರ್ಸು ಮುಗಿಯುವ ತನಕ ಆ ಕೋರ್ಸಿನ ಕೆಲಸವನ್ನು ಮಾಡಬಲ್ಲ ಯಂತ್ರಗಳಲ್ಲಿ ಬೆಲೆ ಕಡಿಮೆಯಾದುದೇ ನಮಗೆ ಯೋಗ್ಯವಾದದ್ದು. ಹಿಡಿದ ರೊಕ್ಕದಲ್ಲಿ ಹತ್ತನೆಯ ಒಂದು ಭಾಗವನ್ನು ಚೀಲ, ಪೆನ್ ಡ್ರೈವ್, ಮುಂದಿನ ದುರಸ್ತಿ ಇವಕ್ಕಾಗಿ ಮೊದಲೇ ತೆಗೆದಿಡಬೇಕು.

ಹಳೆಯ ಯಂತ್ರ ಕೊಳ್ಳುವುದಾದರೆ

ಕಚೇರಿಗಳಲ್ಲಿ ಬಳಸಿ ಬಿಟ್ಟ, ದುರಸ್ತಿ ಮಾಡಿ ಮಾರುವ ಯಂತ್ರಗಳು ಅರ್ಧ ಬೆಲೆಗೆ ಸಿಗುವುದುಂಟು. ಎತ್ತಿನ ಹಲ್ಲು ನೋಡಿ ಕೊಳ್ಳುವ ನಾವು ಇಲ್ಲಿಯೂ ಹಲ್ಲು ನೋಡತಕ್ಕದ್ದು.

ಮೊದಲನೆಯದು, ವಯಸ್ಸು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್ ಯಂತ್ರಗಳಲ್ಲಿ ಬಹುಮಟ್ಟಿಗೆ 8ನೆಯ ಪೀಳಿಗೆಯಿಂದ ಮುಂದಿನವುಗಳಿಗೆ ಮಾತ್ರ ಒಪ್ಪಿತವಾಗಿದೆ. ಆದುದರಿಂದ 7ನೆಯ ಪೀಳಿಗೆ ಅಥವಾ ಅದಕ್ಕಿಂತ ಹಳೆಯ ಯಂತ್ರವನ್ನು ‘ಬಹಳ ಅಗ್ಗ’ ಎಂದು ಕೊಟ್ಟರೆ ಯಾತಕ್ಕೆ ಅಗ್ಗ ಎಂಬುದು ನಿಮಗೆ ಈಗ ತಿಳಿದಿದೆ. ಅಂಥ ಯಂತ್ರ ಮನೆಯಲ್ಲಿ ಈಗಾಗಲೇ ಇದ್ದರೆ ಬಿಸಾಡಬೇಕಾಗಿಲ್ಲ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ವ್ಯವಸ್ಥೆಯನ್ನು ಹಾಕಿಸಿದರೆ ಬರವಣಿಗೆಗೂ ಪ್ರೋಗ್ರಾಂ ಕಲಿಯಲಿಕ್ಕೂ ಅದು ಇನ್ನೂ ಕೆಲವು ವರ್ಷ ಬರುತ್ತದೆ.

ಎರಡನೆಯದು, ಬ್ಯಾಟರಿ. ವಿಂಡೋಸಿನಲ್ಲಿ ಬ್ಯಾಟರಿ ವರದಿಯನ್ನು ತೆಗೆಯುವ ಸೌಕರ್ಯವಿದೆ. ಅಂಗಡಿಯಲ್ಲಿಯೇ ತೆಗೆಸಿ ನೋಡಿರಿ. ಹೊಸದಿದ್ದಾಗ 45,000 ಹಿಡಿಯುತ್ತಿದ್ದ ಬ್ಯಾಟರಿ ಈಗ 27,000 ಹಿಡಿಯುತ್ತಿದ್ದರೆ ಅದರ ಶಕ್ತಿ ನೂರಕ್ಕೆ 60 ಉಳಿದಿದೆ ಎಂದರ್ಥ. ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಶಿಯಲ್ಲಿ ಕಳೆಯಬೇಕು.

ಮೂರನೆಯದು, ಕಾಗದ. ಬಿಲ್ಲು ಇಲ್ಲದ, ಗ್ಯಾರಂಟಿ ಬರೆದುಕೊಡದ ಯಂತ್ರವನ್ನು ಮುಟ್ಟಬಾರದು. ಕದ್ದ ಮಾಲಾಗಿದ್ದರೆ ಮಗುವಿಗೆ ಠಾಣೆಯ ಮೆಟ್ಟಿಲು ಹತ್ತುವ ಪ್ರಸಂಗ ಬರಬಹುದು.

ಕಂತು ಮತ್ತು ಸಾಲದ ವಿಚಾರ

ಕಂತಿನ ಬಡ್ಡಿಯನ್ನು ಎರಡು ರೀತಿ ಹೇಳುವುದುಂಟು. ಒಂದು, ಉಳಿದ ಅಸಲಿನ ಮೇಲೆ. ಇನ್ನೊಂದು, ಮೊದಲಿನ ಪೂರ್ತಿ ಅಸಲಿನ ಮೇಲೆ. 40,000 ರೂಪಾಯಿಗೆ ‘ನೂರಕ್ಕೆ 12’ ಎಂದು ಎರಡನೆಯ ರೀತಿಯಲ್ಲಿ ಹೇಳಿದರೆ ವರ್ಷಕ್ಕೆ ಬಡ್ಡಿ 4,800. ಹನ್ನೆರಡು ಕಂತಿಗೆ ತಿಂಗಳಿಗೆ 3,733. ಕೇಳಲಿಕ್ಕೆ ಸಣ್ಣದು. ಆದರೆ ನೀವು ಪ್ರತಿ ತಿಂಗಳು ಅಸಲನ್ನು ಕಟ್ಟುತ್ತ ಹೋಗುವುದರಿಂದ ವರ್ಷದಲ್ಲಿ ಸರಾಸರಿ ಅರ್ಧದಷ್ಟು ರೊಕ್ಕ ಮಾತ್ರ ನಿಮ್ಮ ಕೈಯಲ್ಲಿರುತ್ತದೆ. ನಿಜವಾದ ಬಡ್ಡಿ ನೂರಕ್ಕೆ 21ರಿಂದ 22 ಬೀಳುತ್ತದೆ. ‘ಬಡ್ಡಿಯಿಲ್ಲದ ಕಂತು’ ಎಂದವರನ್ನೂ ಎರಡು ಮಾತು ಕೇಳಿರಿ: ನಗದು ಕೊಟ್ಟರೆ ಬೆಲೆ ಎಷ್ಟು? ಅರ್ಜಿಯ ಶುಲ್ಕ ಎಷ್ಟು? ನಗದು ಬೆಲೆ ಕಡಿಮೆಯಿದ್ದರೆ ಆ ವ್ಯತ್ಯಾಸವೇ ಬಡ್ಡಿ.

ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆಯುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸಿಗೆ ಅವಶ್ಯವಿದ್ದರೆ ಕಂಪ್ಯೂಟರಿನ ಬೆಲೆಯನ್ನೂ ಸೇರಿಸಲು ಅವಕಾಶವಿದೆ. ಅರ್ಜಿ ಹಾಕುವಾಗಲೇ ಕೇಳಿಕೊಳ್ಳಬೇಕು. ಆದರೆ ಮರುಪಾವತಿ ತಡವಾಗಿ ಆರಂಭವಾದರೂ ಬಡ್ಡಿ ಮೊದಲಿನಿಂದಲೇ ಬೆಳೆಯುತ್ತದೆ. ನೂರಕ್ಕೆ 10ರಂತೆ 45,000ಕ್ಕೆ ವರ್ಷಕ್ಕೆ 4,500. ಇದನ್ನು ಲೆಕ್ಕದಲ್ಲಿ ಹಿಡಿಯಿರಿ.

ಬೀಜ ಗೊಬ್ಬರಕ್ಕೆಂದು ತೆಗೆದ ಬೆಳೆಸಾಲದ ರೊಕ್ಕವನ್ನು ಮಾತ್ರ ಇದಕ್ಕೆ ಮುರಿಯಬೇಡಿರಿ. ಗೊಬ್ಬರ ಕಾಣದ ಪೈರು ಇಳುವರಿ ಕೊಡದು. ಸಾಲದ ಗಡುವು ಮಾತ್ರ ತಪ್ಪದೆ ಬರುತ್ತದೆ.

ಯಾವಾಗ ಕೊಳ್ಳಬೇಕು?

ಕಾಲೇಜು ಆರಂಭವಾದ ದಿನವೇ ಯಂತ್ರ ಬೇಕೆಂಬುದು ಬಹುಮಟ್ಟಿಗೆ ತಪ್ಪು ತಿಳುವಳಿಕೆ. ಅನೇಕ ಕಾಲೇಜುಗಳಲ್ಲಿ ಕಂಪ್ಯೂಟರ್ ಪ್ರಯೋಗಾಲಯವಿರುತ್ತದೆ. ಮೊದಲ ಕೆಲವು ವಾರ ಅಲ್ಲಿಯೇ ಕೆಲಸ ಮಾಡಿ, ಅಧ್ಯಾಪಕರನ್ನೂ ಮೇಲಿನ ತರಗತಿಯವರನ್ನೂ ಕೇಳಿ, ಯಾವ ತಂತ್ರಾಂಶ ಬೇಕೆಂಬುದನ್ನು ಬರೆದುಕೊಳ್ಳಲಿ. ಅಷ್ಟರಲ್ಲಿ ನಮ್ಮ ಹೆಸರು ರಾಶಿಯಾಗುತ್ತದೆ, ಹಿಂದೆಯೇ ಸೋಯಾ ಅವರೆ ಬರುತ್ತದೆ. ಕೈಯಲ್ಲಿ ನಗದು ಇರುವ ಹೊತ್ತಿಗೆ ದಸರಾ ದೀಪಾವಳಿಯ ರಿಯಾಯಿತಿಯ ಮಾರಾಟವೂ ಬರುತ್ತದೆ. ಬಡ್ಡಿ ಉಳಿಯಿತು, ತಿಳಿದು ಕೊಂಡಂತೆಯೂ ಆಯಿತು.

ಕೊಳ್ಳುವ ಮೊದಲು ಸರಕಾರದಿಂದ ಸಹಾಯವಿದೆಯೋ ಎಂದು ಕಾಲೇಜಿನ ಕಚೇರಿಯಲ್ಲಿಯೂ ಸಮಾಜ ಕಲ್ಯಾಣ ಇಲಾಖೆಯಲ್ಲಿಯೂ ವಿಚಾರಿಸಿರಿ. 2021ರಲ್ಲಿ ರಾಜ್ಯ ಸರಕಾರವು ಸರಕಾರಿ ಪದವಿ, ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚಿತ್ತು. ಇಂಥವು ಪ್ರತಿ ವರ್ಷ ಬರುವವಲ್ಲ; ಆದರೂ ಕೇಳುವುದಕ್ಕೆ ಖರ್ಚಿಲ್ಲ.

ಮನೆಯಲ್ಲಿಯೇ ಕುಳಿತು ಕೆಲಸ ಮಾಡುವವರಿಗೆ ಲ್ಯಾಪ್‌ಟಾಪಿನ ಬದಲು ಮೇಜಿನ ಮೇಲಿನ ಕಂಪ್ಯೂಟರೂ ಆದೀತು. 2025ರ ನವೆಂಬರಿನಲ್ಲಿ ಬೆಂಗಳೂರಿನ ತಂತ್ರಜ್ಞಾನ ಸಮಾವೇಶದಲ್ಲಿ ಕರ್ನಾಟಕದ ಕಿಯೋನಿಕ್ಸ್ ಸಂಸ್ಥೆಯು ‘ಕಿಯೋ’ ಎಂಬ ಸಣ್ಣ ಕಂಪ್ಯೂಟರನ್ನು ತೋರಿಸಿ 18,999 ರೂಪಾಯಿ ಬೆಲೆಯನ್ನು ಸಾರಿತು. ಅಂಥದನ್ನು ಕೊಳ್ಳುವವರು ಪರದೆ ಮತ್ತು ಕೀಲಿಮಣೆಯ ಬೆಲೆಯನ್ನೂ ಕೂಡಿಸಿ ನೋಡಬೇಕು. ಕೋರ್ಸಿನ ತಂತ್ರಾಂಶ ಅದರಲ್ಲಿ ನಡೆಯುತ್ತದೆಯೋ ಎಂದು ಮೊದಲೇ ಕೇಳಬೇಕು.

ಅಂಗಡಿಯಲ್ಲಿ ನೋಡಬೇಕಾದವು

1. ಕೋರ್ಸಿಗೆ ಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿರಿ. ಚೀಟಿಯಲ್ಲಿ ಇಲ್ಲದ ಗುಣಕ್ಕೆ ರೊಕ್ಕ ಕೊಡಬೇಡಿರಿ.

2. ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು, ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇದೆಯೋ ನೋಡಿರಿ.

3. ಅಲ್ಲಿಯೇ ಪೆಟ್ಟಿಗೆ ತೆರೆಸಿ, ಮೆಮೊರಿ ಮತ್ತು ಸಂಗ್ರಹ ಬಿಲ್ಲಿನಲ್ಲಿ ಬರೆದಷ್ಟೇ ಇವೆಯೋ ಎಂದು ಪರದೆಯ ಮೇಲೆ ತೋರಿಸಲು ಹೇಳಿರಿ. ವಿಂಡೋಸ್ ಅಸಲಿಯದೋ ಎಂದೂ ಕೇಳಿರಿ.

4. ಕೀಲಿಗಳನ್ನೆಲ್ಲ ಒತ್ತಿ ನೋಡಿರಿ. ಕ್ಯಾಮರಾ, ಧ್ವನಿ ಪರೀಕ್ಷಿಸಿರಿ. ಕನ್ನಡದಲ್ಲಿ ನಾಲ್ಕು ಸಾಲು ಬರೆದು ನೋಡಿರಿ.

5. ಹುಬ್ಬಳ್ಳಿ ಧಾರವಾಡದಲ್ಲಿ ಆ ಕಂಪನಿಯ ದುರಸ್ತಿ ಕೇಂದ್ರ ಇದೆಯೋ ಕೇಳಿರಿ. ದುರಸ್ತಿಗೆ ಬೆಂಗಳೂರಿಗೆ ಕಳಿಸಬೇಕಾದ ಯಂತ್ರ ಪರೀಕ್ಷೆಯ ಕಾಲದಲ್ಲಿ ಕೈಕೊಡುತ್ತದೆ.

6. ಜಿ.ಎಸ್.ಟಿ. ಬಿಲ್ಲಿನಲ್ಲಿ ಯಂತ್ರದ ಕ್ರಮಾಂಕ ಬರೆಸಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿನದಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ.

ಮನೆಗೆ ತಂದ ಮೇಲೆ

ಬರವಣಿಗೆಗೆ ‘ಲಿಬ್ರೆ ಆಫೀಸ್’ ಪುಕ್ಕಟೆ ದೊರೆಯುತ್ತದೆ. ಕನ್ನಡಕ್ಕೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇದೆ. ಕೋರ್ಸಿನ ದುಬಾರಿ ತಂತ್ರಾಂಶಗಳನ್ನು ಕಾಲೇಜಿನ ಮೂಲಕ ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುವ ಕಂಪನಿಗಳೂ ಇವೆ. ಕದ್ದ ತಂತ್ರಾಂಶವನ್ನು ಹಾಕಿಸಿಕೊಂಡರೆ ಅದರೊಡನೆ ರೋಗವೂ ಒಳಗೆ ಬರುತ್ತದೆ. ವಾರಕ್ಕೊಮ್ಮೆ ಬರೆದದ್ದನ್ನೆಲ್ಲ ಇನ್ನೊಂದು ಕಡೆಗೆ ನಕಲು ಮಾಡಿಡಬೇಕು. ಎಲ್ಲ ಬೀಜವನ್ನೂ ಒಂದೇ ಹಗೇವಿನಲ್ಲಿ ಹಾಕುವ ಒಕ್ಕಲಿಗನಿಲ್ಲ. ಹಾಸಿಗೆಯ ಮೇಲೆ ಇಟ್ಟು ನಡೆಸಿದರೆ ಗಾಳಿಯ ಕಿಂಡಿ ಮುಚ್ಚಿ ಯಂತ್ರ ಕಾಯುತ್ತದೆ. ಸಿಡಿಲು ಗುಡುಗಿನ ಹೊತ್ತಿಗೆ ಚಾರ್ಜರನ್ನು ಕಿತ್ತಿಡಬೇಕು.

ತಂದೆ ತಾಯಿಗಳಲ್ಲಿ ಕಡೆಯ ಒಂದು ಅರಿಕೆ. ಮಗನಿಗೆ ಹೊಸದು, ಮಗಳಿಗೆ ಅವನು ಬಿಟ್ಟ ಹಳೆಯದು, ಅಥವಾ ಮಗಳಿಗೆ ಮೊಬೈಲೇ ಸಾಕು ಎಂಬ ಪದ್ಧತಿ ಕೆಲವು ಮನೆಗಳಲ್ಲಿದೆ. ಅಂಗೈಯಗಲದ ಪರದೆಯ ಮೇಲೆ ಯಾರೂ ಇಪ್ಪತ್ತು ಪುಟದ ವರದಿಯನ್ನು ಬರೆಯಲಾರರು, ಪ್ರೋಗ್ರಾಂ ಕಲಿಯಲಾರರು. ಮಗನೋ ಮಗಳೋ ಎಂದು ನೋಡದೆ ಕೋರ್ಸು ಯಾವುದೆಂದು ನೋಡಿ ಕೊಡಿಸಿರಿ. ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು, ಈ ವರ್ಷದ ಬೆಳೆ ಎಷ್ಟು, ಸಾಲ ಎಷ್ಟು, ಯಂತ್ರಕ್ಕೆ ಎಷ್ಟು ಎತ್ತಿಡಬಹುದು ಎಂಬ ಲೆಕ್ಕವನ್ನು ಅವರ ಮುಂದೆಯೇ ಹಾಕಿರಿ. ಮನೆಯ ಲೆಕ್ಕ ತಿಳಿದ ಮಕ್ಕಳು ಅಂಗಡಿಯಲ್ಲಿ ತಕ್ಕುದನ್ನೇ ಆರಿಸುತ್ತಾರೆ, ತಂದದ್ದನ್ನು ಜೋಪಾನವಾಗಿಯೂ ಇಟ್ಟುಕೊಳ್ಳುತ್ತಾರೆ.